ಸಿಪಾದಾನ್ ದ್ವೀಪ

ಸಿಪಾದಾನ್ (ಮಲಯ ಭಾಷೆಯಲ್ಲಿ ಪುಲಾವ್ ಸಿಪಾದಾನ್) ಬೋರ್ನಿಯೊದ ಈಶಾನ್ಯ ಕರಾವಳಿಯ ಆಚೆಗೆ, ಸೆಲೆಬಿಸ್ ಸಮುದ್ರದಲ್ಲಿರುವ ಒಂದು ಪುಟ್ಟ ದ್ವೀಪ. ಇದು ಮಲೇಷ್ಯಾದ ಸಬಾ ರಾಜ್ಯಕ್ಕೆ ಸೇರಿದ್ದು, ಜಗತ್ತಿನ ಹೆಸರಾಂತ ಸ್ಕೂಬಾ ಡೈವಿಂಗ್ ತಾಣಗಳಲ್ಲಿ ಒಂದಾಗಿದೆ. ಇಪ್ಪತ್ತನೆಯ ಶತಮಾನದ ಬಹುಪಾಲು ಅವಧಿಯಲ್ಲಿ ಈ ದ್ವೀಪವು ಕಡಲಾಮೆಯ ಮೊಟ್ಟೆಗಳಿಗೆ ಮಾತ್ರ ಹೆಸರಾಗಿತ್ತು. ೧೯೮೦ರ ದಶಕದಲ್ಲಿ ಇಲ್ಲಿ ಡೈವಿಂಗ್ ಪ್ರವಾಸೋದ್ಯಮ ಆರಂಭವಾಗಿ, ೧೯೯೦ರ ದಶಕದ ಹೊತ್ತಿಗೆ ದಡದಲ್ಲಿ ಹಲವು ವಸತಿಗೃಹಗಳು ತಲೆಯೆತ್ತಿದ್ದವು. ೨೦೦೦ದಲ್ಲಿ ನಡೆದ ಸಾಮೂಹಿಕ ಅಪಹರಣ, ೨೦೦೨ರಲ್ಲಿ ಬಂದ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಮತ್ತು ೨೦೦೪ರ ಕೊನೆಯಲ್ಲಿ ಎಲ್ಲ ವಸತಿಗೃಹಗಳ ತೆರವು ಇದರ ಇತಿಹಾಸದ ಮುಖ್ಯ ತಿರುವುಗಳು. ಇಂದು ಇಲ್ಲಿ ಪ್ರವಾಸಿಗರಿಗೆ ರಾತ್ರಿ ತಂಗಲು ಅವಕಾಶವಿಲ್ಲ. ದಿನಕ್ಕೆ ನಿಗದಿತ ಸಂಖ್ಯೆಯ ಡೈವರ್‌ಗಳಿಗೆ ಮಾತ್ರ ಪರವಾನಗಿ ನೀಡಲಾಗುತ್ತದೆ.

## ಭೌಗೋಳಿಕ ಲಕ್ಷಣಗಳು

ಸಿಪಾದಾನ್ ಸಬಾದ ಸೆಂಪೋರ್ನಾ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು ೩೫ ಕಿ.ಮೀ. ದೂರದಲ್ಲಿದೆ. ಇದರ ವಿಸ್ತೀರ್ಣ ಸುಮಾರು ೦.೧೩ ಚದರ ಕಿ.ಮೀ. ಮಾತ್ರ, ದಡದ ಗುಂಟ ನಡೆದರೆ ಅರ್ಧ ಗಂಟೆಯಲ್ಲಿ ದ್ವೀಪವನ್ನು ಸುತ್ತಿ ಬರಬಹುದು.

ಸೆಂಪೋರ್ನಾ ಸುತ್ತಲಿನ ಇತರ ಹಲವು ದ್ವೀಪಗಳು ಭೂಖಂಡದ ಅಂಚಿನ ಆಳವಿಲ್ಲದ ನೀರಿನಲ್ಲಿವೆ. ಸಿಪಾದಾನ್ ಹಾಗಲ್ಲ. ಸಮುದ್ರತಳದಿಂದ ೬೦೦ ಮೀಟರಿಗೂ ಹೆಚ್ಚು ಎತ್ತರಕ್ಕೆ ಎದ್ದ, ಜ್ವಾಲಾಮುಖಿ ಮೂಲದ ಜಲಾಂತರ್ಗತ ಪರ್ವತವೊಂದರ ನೆತ್ತಿಯ ಮೇಲೆ ಹವಳಗಳು ಬೆಳೆದು ಈ ದ್ವೀಪ ರೂಪುಗೊಂಡಿದೆ. ಆದ್ದರಿಂದ ದಡದಿಂದ ಕೆಲವೇ ಮೀಟರ್ ಮುಂದೆ ಹೋದರೆ ಹವಳದ ದಿಬ್ಬವು ಕಡಿದಾದ ಗೋಡೆಯಂತೆ ಆಳಕ್ಕೆ ಇಳಿಯುತ್ತದೆ. ಆಳದ ಸಾಗರದ ಮೀನುಗಳೂ ದಿಬ್ಬದ ಮೀನುಗಳೂ ಒಂದೇ ಕಡೆ ಕಾಣಸಿಗುವುದಕ್ಕೆ ಈ ರಚನೆಯೇ ಕಾರಣ. ಜಗತ್ತಿನಲ್ಲಿ ಹವಳದ ಪ್ರಭೇದಗಳು ಅತಿ ಹೆಚ್ಚಾಗಿರುವ, ‘ಹವಳ ತ್ರಿಕೋನ’ ಎಂದು ಕರೆಯಲಾಗುವ ಕಡಲ ಪ್ರದೇಶದೊಳಗೆ ಈ ದ್ವೀಪವಿದೆ.

## ಜೀವವೈವಿಧ್ಯ ಮತ್ತು ಡೈವಿಂಗ್ ಸ್ಥಳಗಳು

ಹಸಿರು ಕಡಲಾಮೆ ಮತ್ತು ಹಾಕ್ಸ್‌ಬಿಲ್ ಆಮೆಗಳು ಇಲ್ಲಿ ದೊಡ್ಡ ಸಂಖ್ಯೆಯಲ್ಲಿವೆ. ಹಸಿರು ಕಡಲಾಮೆಗಳು ದ್ವೀಪದ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಬರಾಕುಡಾ, ಟ್ರೆವಲಿ, ಬಂಪ್‌ಹೆಡ್ ಗಿಳಿಮೀನುಗಳ ದೊಡ್ಡ ಹಿಂಡುಗಳು ಮತ್ತು ದಿಬ್ಬದ ಶಾರ್ಕ್‌ಗಳು ಡೈವರ್‌ಗಳ ಮುಖ್ಯ ಆಕರ್ಷಣೆ. ಪ್ರಸಿದ್ಧ ಡೈವಿಂಗ್ ಸ್ಥಳಗಳು ಇವು:

- ಬರಾಕುಡಾ ಪಾಯಿಂಟ್: ಸಾವಿರಾರು ಬರಾಕುಡಾಗಳು ಸುಂಟರಗಾಳಿಯ ಆಕಾರದಲ್ಲಿ ಸುತ್ತುವ ದೃಶ್ಯಕ್ಕೆ ಹೆಸರಾದ ಸ್ಥಳ. ಇಲ್ಲಿ ಪ್ರವಾಹದ ಸೆಳೆತ ಹಲವೊಮ್ಮೆ ತೀವ್ರವಾಗಿರುತ್ತದೆ.
- ಡ್ರಾಪ್ ಆಫ್: ಜೆಟ್ಟಿಯ ಸಮೀಪವೇ ಹವಳದ ಗೋಡೆ ಆರಂಭವಾಗುವ ಸ್ಥಳ.
- ಟರ್ಟಲ್ ಟೂಂಬ್ (ಆಮೆಗಳ ಗೋರಿ): ಗೋಡೆಯೊಳಗಿನ ಸುಣ್ಣಕಲ್ಲಿನ ಗುಹೆ. ಒಳಗೆ ಆಮೆಗಳ ಅಸ್ಥಿಪಂಜರಗಳಿವೆ. ಉಸಿರಾಟಕ್ಕೆ ನೀರಿನ ಮೇಲೆ ಬರಲೇಬೇಕಾದ ಆಮೆಗಳು ಗುಹೆಯ ಕತ್ತಲಲ್ಲಿ ದಾರಿ ತಪ್ಪಿ ಸತ್ತಿವೆ ಎಂಬುದು ಸಾಮಾನ್ಯವಾಗಿ ನೀಡಲಾಗುವ ವಿವರಣೆ. ಗುಹೆಯ ಒಳಭಾಗವು ಮನುಷ್ಯರಿಗೂ ಅಷ್ಟೇ ಅಪಾಯಕಾರಿ.
- ಸೌತ್ ಪಾಯಿಂಟ್ ಮತ್ತು ಹ್ಯಾಂಗಿಂಗ್ ಗಾರ್ಡನ್ಸ್: ಮೊದಲನೆಯದು ದ್ವೀಪದ ದಕ್ಷಿಣ ತುದಿಯಲ್ಲಿದೆ, ಎರಡನೆಯದು ಗೋಡೆಯಿಂದ ಜೋತುಬಿದ್ದಂತೆ ಬೆಳೆದಿರುವ ಮೃದು ಹವಳಗಳಿಗೆ ಹೆಸರಾಗಿದೆ.

## ಆರಂಭಿಕ ಇತಿಹಾಸ

೧೯೮೦ರ ದಶಕದವರೆಗೆ ಸಿಪಾದಾನ್‌ನಲ್ಲಿ ಶಾಶ್ವತ ಜನವಸತಿ ಇರಲಿಲ್ಲ. ಸಮೀಪದ ದ್ವೀಪಗಳ ಬಜಾವ್ ಸಮುದಾಯದವರು ಇಲ್ಲಿಗೆ ಬಂದು ಆಮೆಯ ಮೊಟ್ಟೆಗಳನ್ನು ಸಂಗ್ರಹಿಸುತ್ತಿದ್ದರು. ಬ್ರಿಟಿಷ್ ಉತ್ತರ ಬೋರ್ನಿಯೊದ ಆಡಳಿತವು ೧೯೧೭ರಲ್ಲಿ ಆಮೆ ಸಂರಕ್ಷಣಾ ಶಾಸನವನ್ನು ಜಾರಿಗೆ ತಂದು, ಮೊಟ್ಟೆ ಸಂಗ್ರಹಕ್ಕೆ ಪರವಾನಗಿ ಪದ್ಧತಿಯನ್ನು ರೂಪಿಸಿತು. ಈ ಶಾಸನ ೧೯೫೦ರ ದಶಕದವರೆಗೂ ಅನ್ವಯವಾಗುತ್ತಿತ್ತು. ೧೯೩೩ರಲ್ಲಿ ದ್ವೀಪವನ್ನು ಪಕ್ಷಿ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ೧೯೬೨ರಲ್ಲಿ ಇಲ್ಲಿ ದೀಪಸ್ತಂಭವೊಂದನ್ನು ಕಟ್ಟಲಾಯಿತು. ಮರುವರ್ಷ ಉತ್ತರ ಬೋರ್ನಿಯೊ ಸಬಾ ಎಂಬ ಹೆಸರಿನಲ್ಲಿ ಮಲೇಷ್ಯಾ ಒಕ್ಕೂಟವನ್ನು ಸೇರಿತು. ಆ ಕಾಲಕ್ಕೆ ಸಣ್ಣಪುಟ್ಟ ಆಡಳಿತ ಕ್ರಮಗಳಾಗಿ ಕಂಡ ಇವೇ ನಲವತ್ತು ವರ್ಷಗಳ ತರುವಾಯ ದ್ವೀಪದ ಒಡೆತನವನ್ನು ನಿರ್ಧರಿಸಿದವು.

## ಡೈವಿಂಗ್ ತಾಣವಾಗಿ ಬೆಳವಣಿಗೆ

೧೯೮೦ರ ದಶಕದಲ್ಲಿ ಸಬಾದ ಡೈವಿಂಗ್ ಸಂಸ್ಥೆಗಳು ಪ್ರವಾಸಿಗರನ್ನು ಸಿಪಾದಾನ್‌ಗೆ ಕರೆತರಲು ಆರಂಭಿಸಿದವು. ಮೊದಮೊದಲು ಬರುತ್ತಿದ್ದವರು ಸಂಖ್ಯೆಯಲ್ಲಿ ಕಡಿಮೆಯಿದ್ದರು. ಅನುಭವಿ ಡೈವರ್‌ಗಳೇ ಹೆಚ್ಚಾಗಿದ್ದರು. ಆ ದಶಕದ ಕೊನೆಯಲ್ಲಿ ಫ್ರಾನ್ಸಿನ ಸಮುದ್ರ ಪರಿಶೋಧಕ ಝಾಕ್ ಕೂಸ್ತೊ ತಮ್ಮ ತಂಡದೊಡನೆ ಇಲ್ಲಿಗೆ ಬಂದು ಚಿತ್ರೀಕರಣ ನಡೆಸಿದರು. ೧೯೮೯ರಲ್ಲಿ ಬಂದ ‘ಬೋರ್ನಿಯೊ: ದಿ ಘೋಸ್ಟ್ ಆಫ್ ದಿ ಸೀ ಟರ್ಟಲ್’ ಎಂಬ ಸಾಕ್ಷ್ಯಚಿತ್ರವು ದ್ವೀಪದ ಹೆಸರನ್ನು ಜಗತ್ತಿನಾದ್ಯಂತ ಹರಡಿತು. ದ್ವೀಪವು ಮನುಷ್ಯರ ಕೈ ತಾಗದೆ ಉಳಿದಿದೆ ಎಂಬುದೇ ಕೂಸ್ತೊ ಅವರ ಮೆಚ್ಚುಗೆಯ ಸಾರವಾಗಿತ್ತು. ಆ ಮೆಚ್ಚುಗೆಯೇ ಪ್ರವಾಸಿಗರನ್ನು ಸೆಳೆಯಿತು.

೧೯೯೦ರ ದಶಕದಲ್ಲಿ ದಡದ ಉದ್ದಕ್ಕೂ ಹಲವು ವಸತಿಗೃಹಗಳು ನಡೆಯುತ್ತಿದ್ದವು. ದ್ವೀಪದಲ್ಲೇ ತಂಗಿದವರು ಬೆಳಗಿನಿಂದ ರಾತ್ರಿಯವರೆಗೆ ಯಾವ ಹೊತ್ತಿನಲ್ಲಾದರೂ ದಡದಿಂದಲೇ ನೀರಿಗಿಳಿಯಬಹುದಾಗಿತ್ತು. ರಾತ್ರಿ ಡೈವಿಂಗ್ ಮತ್ತು ಆಮೆಗಳು ಮೊಟ್ಟೆಯಿಡುವುದನ್ನು ನೋಡುವುದು ಆ ಕಾಲದ ವಿಶೇಷಗಳಾಗಿದ್ದವು.

ಆದರೆ ಇಷ್ಟು ಚಿಕ್ಕ ದ್ವೀಪಕ್ಕೆ ಈ ಬೆಳವಣಿಗೆಯ ಭಾರ ದೊಡ್ಡದಾಗಿತ್ತು. ನೂರಾರು ಅತಿಥಿಗಳು ಮತ್ತು ಸಿಬ್ಬಂದಿಗೆ ಸಿಹಿನೀರು ಹಾಗೂ ವಿದ್ಯುತ್ ಒದಗಿಸಬೇಕಿತ್ತು. ಕೊಳಚೆ ಮತ್ತು ಕಸವನ್ನು ವಿಲೇವಾರಿ ಮಾಡಬೇಕಿತ್ತು. ಕೊಳಚೆನೀರು ಹವಳದ ದಿಬ್ಬ ಸೇರಿದರೆ ಪಾಚಿ ಬೆಳೆದು ಹವಳಗಳನ್ನು ಮುಚ್ಚುತ್ತದೆ. ದಡದ ದೀಪಗಳು ಮೊಟ್ಟೆಯಿಡಲು ಬರುವ ಆಮೆಗಳನ್ನು ಹಿಂದಿರುಗಿಸುತ್ತವೆ. ಮರಿಗಳು ಕಡಲಿನ ಬದಲು ಬೆಳಕಿನ ಕಡೆಗೆ ತೆವಳುತ್ತವೆ. ತೇಲುವಿಕೆಯ ಹತೋಟಿ ಕಲಿಯದ ಹೊಸ ಡೈವರ್‌ಗಳ ಕಾಲು ತಾಗಿ ಹವಳಗಳು ಮುರಿಯುತ್ತವೆ. ಈ ಕಾರಣಗಳಿಂದ ಭೇಟಿ ನೀಡುವವರ ಸಂಖ್ಯೆಯನ್ನು ನಿಯಂತ್ರಿಸಬೇಕೆಂಬ ಒತ್ತಾಯ ೧೯೯೦ರ ದಶಕದಲ್ಲಿಯೇ ಕೇಳಿಬಂದಿತ್ತು.

## ೨೦೦೦ದ ಅಪಹರಣ

೨೩ ಏಪ್ರಿಲ್ ೨೦೦೦ರಂದು ಫಿಲಿಪ್ಪೀನ್ಸಿನ ಅಬು ಸಯ್ಯಾಫ್ ಗುಂಪಿನ ಬಂದೂಕುಧಾರಿಗಳು ದೋಣಿಗಳಲ್ಲಿ ಬಂದು ದ್ವೀಪದಿಂದ ೨೧ ಜನರನ್ನು ಅಪಹರಿಸಿದರು. ಒತ್ತೆಯಾಳುಗಳಲ್ಲಿ ವಿದೇಶಿ ಪ್ರವಾಸಿಗರೂ ವಸತಿಗೃಹದ ನೌಕರರೂ ಇದ್ದರು. ಅವರನ್ನು ಫಿಲಿಪ್ಪೀನ್ಸಿನ ಹೋಲೋ ದ್ವೀಪದ ಕಾಡಿಗೆ ಸಾಗಿಸಲಾಯಿತು. ಲಿಬಿಯಾದ ಮಧ್ಯಸ್ಥಿಕೆಯಲ್ಲಿ ನಡೆದ ಮಾತುಕತೆಗಳ ಬಳಿಕ ಹೆಚ್ಚಿನವರು ಹಲವು ತಿಂಗಳುಗಳಲ್ಲಿ ಹಂತಹಂತವಾಗಿ ಬಿಡುಗಡೆಯಾದರು. ಈ ಘಟನೆಯ ನಂತರ ಮಲೇಷ್ಯಾ ದ್ವೀಪದಲ್ಲಿ ಭದ್ರತಾ ಪಡೆಗಳ ಕಾವಲನ್ನು ಬಿಗಿಗೊಳಿಸಿತು. ಸಿಪಾದಾನ್ ಎಂದರೆ ಡೈವಿಂಗ್ ಮಾತ್ರವಲ್ಲ, ಗಡಿ ಭದ್ರತೆಯ ಪ್ರಶ್ನೆಯೂ ಹೌದು ಎಂಬುದು ಅಂದಿನಿಂದ ಸ್ಪಷ್ಟವಾಯಿತು.

## ಸಾರ್ವಭೌಮತ್ವದ ವಿವಾದ

ಸಿಪಾದಾನ್ ಮತ್ತು ಅದರ ಪೂರ್ವಕ್ಕಿರುವ ಲಿಗಿತಾನ್ ದ್ವೀಪಗಳು ತನಗೆ ಸೇರಿದವು ಎಂದು ಇಂಡೋನೇಷ್ಯಾ ಕೂಡ ವಾದಿಸುತ್ತಿತ್ತು. ೧೯೬೯ರಲ್ಲಿ ಎರಡು ದೇಶಗಳ ನಡುವೆ ಕಡಲ ಗಡಿಯ ಮಾತುಕತೆ ನಡೆದಾಗ ಈ ವಿವಾದ ಪ್ರಕಟವಾಯಿತು. ವಿವಾದ ಬಗೆಹರಿಯುವವರೆಗೆ ಯಥಾಸ್ಥಿತಿ ಕಾಪಾಡಬೇಕಿತ್ತು ಎಂಬ ನಿಲುವಿನ ಇಂಡೋನೇಷ್ಯಾ, ಸಿಪಾದಾನ್‌ನಲ್ಲಿ ವಸತಿಗೃಹಗಳ ನಿರ್ಮಾಣವನ್ನು ಆಕ್ಷೇಪಿಸಿತು. ೧೯೯೭ರಲ್ಲಿ ಎರಡೂ ದೇಶಗಳು ವಿಶೇಷ ಒಪ್ಪಂದಕ್ಕೆ ಸಹಿ ಹಾಕಿ, ೧೯೯೮ರಲ್ಲಿ ಪ್ರಕರಣವನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸಿದವು.

ಬ್ರಿಟನ್ ಮತ್ತು ನೆದರ್ಲೆಂಡ್ಸ್ ೧೮೯೧ರಲ್ಲಿ ಮಾಡಿಕೊಂಡ ಒಪ್ಪಂದದ ಗಡಿರೇಖೆಯು ಸಮುದ್ರದಲ್ಲೂ ಮುಂದುವರಿಯುತ್ತದೆ, ಅದರ ದಕ್ಷಿಣಕ್ಕಿರುವ ದ್ವೀಪಗಳು ತನ್ನವು ಎಂಬುದು ಇಂಡೋನೇಷ್ಯಾದ ವಾದ. ಸುಲು ಸುಲ್ತಾನರಿಂದ ಸರಣಿಯಾಗಿ ಹಕ್ಕು ತನಗೆ ಬಂದಿದೆ ಎಂಬುದು ಮಲೇಷ್ಯಾದ ವಾದ. ನ್ಯಾಯಾಲಯ ಎರಡನ್ನೂ ಒಪ್ಪಲಿಲ್ಲ. ಬದಲಿಗೆ, ದ್ವೀಪಗಳ ಮೇಲೆ ಯಾರು ನಿಜವಾಗಿ ಆಡಳಿತ ನಡೆಸಿದ್ದರು ಎಂಬುದನ್ನು ಪರಿಶೀಲಿಸಿತು. ಆಮೆ ಮೊಟ್ಟೆಗಳ ನಿಯಂತ್ರಣ, ಪಕ್ಷಿ ರಕ್ಷಿತ ಪ್ರದೇಶದ ಘೋಷಣೆ ಮತ್ತು ದೀಪಸ್ತಂಭಗಳ ನಿರ್ವಹಣೆಯನ್ನು ಆಧಾರವಾಗಿಟ್ಟುಕೊಂಡು, ೧೭ ಡಿಸೆಂಬರ್ ೨೦೦೨ರಂದು ೧೬–೧ ಮತಗಳಿಂದ ಎರಡೂ ದ್ವೀಪಗಳು ಮಲೇಷ್ಯಾಕ್ಕೆ ಸೇರಿದವು ಎಂದು ತೀರ್ಪು ನೀಡಿತು. ೧೯೬೯ರ ನಂತರದ ಕ್ರಿಯೆಗಳು ಹಿಂದಿನ ಆಡಳಿತದ ಸಹಜ ಮುಂದುವರಿಕೆಯಾಗಿದ್ದರೆ ಮಾತ್ರ ಪರಿಗಣನೆಗೆ ಅರ್ಹ ಎಂದು ನ್ಯಾಯಾಲಯ ಹೇಳಿತ್ತು. ಹೀಗಾಗಿ ದ್ವೀಪಕ್ಕೆ ಜಾಗತಿಕ ಖ್ಯಾತಿ ತಂದ ಡೈವಿಂಗ್ ಉದ್ಯಮವು ಅದರ ಒಡೆತನದ ತೀರ್ಮಾನಕ್ಕೆ ಆಧಾರವಾಗಲಿಲ್ಲ.

## ವಸತಿಗೃಹಗಳ ತೆರವು

ಒಡೆತನದ ಪ್ರಶ್ನೆ ಇತ್ಯರ್ಥವಾದ ಎರಡು ವರ್ಷಗಳಲ್ಲಿ ಮಲೇಷ್ಯಾ ಸರ್ಕಾರವು ದ್ವೀಪದಲ್ಲಿದ್ದ ಎಲ್ಲ ಡೈವಿಂಗ್ ಸಂಸ್ಥೆಗಳೂ ೨೦೦೪ರ ಡಿಸೆಂಬರ್ ೩೧ರೊಳಗೆ ಜಾಗ ಖಾಲಿ ಮಾಡಬೇಕೆಂದು ಆದೇಶಿಸಿತು. ದಿಬ್ಬ ಮತ್ತು ಆಮೆಗಳ ರಕ್ಷಣೆ ಇದರ ಉದ್ದೇಶವಾಗಿತ್ತು. ಸಂಸ್ಥೆಗಳು ತಮ್ಮ ಚಟುವಟಿಕೆಯನ್ನು ಮಾಬುಲ್, ಕಪಲಾಯ್ ದ್ವೀಪಗಳಿಗೂ ಸೆಂಪೋರ್ನಾ ಪಟ್ಟಣಕ್ಕೂ ಸ್ಥಳಾಂತರಿಸಿದವು. ಅಂದಿನಿಂದ ಸಿಪಾದಾನ್ ಹಗಲಿನಲ್ಲಿ ಮಾತ್ರ ಭೇಟಿ ನೀಡಬಹುದಾದ ತಾಣವಾಯಿತು.

ತೆರವಿನ ನಂತರವೂ ದ್ವೀಪ ಅಪಾಯದಿಂದ ಪೂರ್ತಿ ಪಾರಾಗಲಿಲ್ಲ. ೨೦೦೬ರ ಮೇ ತಿಂಗಳಲ್ಲಿ, ದ್ವೀಪದಲ್ಲಿ ಕೈಗೊಂಡಿದ್ದ ಸೌಲಭ್ಯ ನಿರ್ಮಾಣಕ್ಕಾಗಿ ಸಾಮಗ್ರಿ ಹೊತ್ತು ತಂದ ಬಾರ್ಜ್ ಒಂದು ಹವಳದ ದಿಬ್ಬಕ್ಕೆ ಅಪ್ಪಳಿಸಿ, ಜೆಟ್ಟಿಯ ಬಳಿಯ ಹವಳಗಳನ್ನು ಪುಡಿಗಟ್ಟಿತು. ಸಂರಕ್ಷಣೆಗೆಂದು ಜನರನ್ನು ಹೊರಗೆ ಕಳಿಸಿದ ಜಾಗದಲ್ಲಿಯೇ ನಡೆದ ಈ ಹಾನಿ ವ್ಯಾಪಕ ಟೀಕೆಗೆ ಗುರಿಯಾಯಿತು.

## ಪರವಾನಗಿ ವ್ಯವಸ್ಥೆ

ತೆರವಿನ ಬಳಿಕ ಬಂದ ವ್ಯವಸ್ಥೆಯಲ್ಲಿ ದಿನಕ್ಕೆ ೧೨೦ ಪರವಾನಗಿಗಳ ಮಿತಿಯನ್ನು ನಿಗದಿಪಡಿಸಲಾಯಿತು. ಪರವಾನಗಿಗಳನ್ನು ಸಬಾ ಪಾರ್ಕ್ಸ್ ಇಲಾಖೆಯು ನೋಂದಾಯಿತ ಡೈವಿಂಗ್ ಸಂಸ್ಥೆಗಳಿಗೆ ಹಂಚುತ್ತದೆ. ಪ್ರವಾಸಿಗರು ಆ ಸಂಸ್ಥೆಗಳ ಮೂಲಕ ಬರಬೇಕು. ಬೇಡಿಕೆ ಹೆಚ್ಚಿರುವುದರಿಂದ ಹಲವು ದಿನ ಮಾಬುಲ್‌ನಲ್ಲಿ ತಂಗಿದರೂ ಸಿಪಾದಾನ್‌ನಲ್ಲಿ ಒಂದೇ ದಿನ ಡೈವ್ ಮಾಡಲು ಅವಕಾಶ ಸಿಗುವುದು ಸಾಮಾನ್ಯ. ಮುಂದಿನ ವರ್ಷಗಳಲ್ಲಿ ಪರವಾನಗಿಗಳ ಸಂಖ್ಯೆಯನ್ನು ಪರಿಷ್ಕರಿಸಲಾಗಿದೆ. ದಿಬ್ಬಕ್ಕೆ ವಿರಾಮ ನೀಡಲು ವರ್ಷದ ಕೆಲಕಾಲ ದ್ವೀಪವನ್ನು ಮುಚ್ಚುವ ಕ್ರಮವೂ ಬಂದಿದೆ.

## ಭದ್ರತೆ

೨೦೧೩ರಲ್ಲಿ ಸಬಾದ ಲಹಾದ್ ದಾತು ಪ್ರದೇಶಕ್ಕೆ ಸಶಸ್ತ್ರ ಗುಂಪೊಂದು ನುಗ್ಗಿದ ಬಳಿಕ ಪೂರ್ವ ಕರಾವಳಿಗೆ ಪ್ರತ್ಯೇಕ ಭದ್ರತಾ ವಲಯವನ್ನು ರಚಿಸಲಾಯಿತು. ೨೦೧೪ರ ಜುಲೈನಲ್ಲಿ ಮಾಬುಲ್ ದ್ವೀಪದ ಮೇಲೆ ದಾಳಿ ನಡೆದು ಪೊಲೀಸ್ ಸಿಬ್ಬಂದಿಯೊಬ್ಬರು ಮೃತಪಟ್ಟರು. ಅದೇ ತಿಂಗಳು ಈ ಕಡಲಿನಲ್ಲಿ ರಾತ್ರಿ ಸಂಚಾರದ ನಿರ್ಬಂಧ ಜಾರಿಗೆ ಬಂದಿತು.

## ಸುತ್ತಲಿನ ದ್ವೀಪಗಳ ಮೇಲಿನ ಪರಿಣಾಮ

ಸಿಪಾದಾನ್‌ನಿಂದ ತೆರಳಿದ ಪ್ರವಾಸೋದ್ಯಮವು ನಿಲ್ಲಲಿಲ್ಲ. ನೆರೆಯ ದ್ವೀಪಗಳಲ್ಲಿ ಬೆಳೆಯಿತು. ಮಾಬುಲ್ ಇಂದು ಚಿಕ್ಕ ಗಾತ್ರದ ವಿಚಿತ್ರ ಜಲಚರಗಳನ್ನು ಹುಡುಕುವ ಡೈವಿಂಗ್‌ಗೆ ಸ್ವತಂತ್ರವಾಗಿ ಹೆಸರಾಗಿದೆ. ಹಳೆಯ ತೈಲ ವೇದಿಕೆಯೊಂದನ್ನು ಹೋಟೆಲಾಗಿ ಮಾರ್ಪಡಿಸಿರುವುದು ಅಲ್ಲಿನ ಒಂದು ವಿಶೇಷ. ಕಪಲಾಯ್‌ನಲ್ಲಿ ಮರಳದಿಬ್ಬದ ಮೇಲೆ ಕಂಬಗಳನ್ನು ನೆಟ್ಟು ವಸತಿಗೃಹ ಕಟ್ಟಲಾಗಿದೆ.

ಮಾಬುಲ್‌ನಲ್ಲಿ ಐಷಾರಾಮಿ ವಸತಿಗೃಹಗಳ ಪಕ್ಕದಲ್ಲೇ ಸಮುದ್ರವನ್ನೇ ನಂಬಿ ಬದುಕುವ ಬಜಾವ್ ಲಾವುತ್ ಜನರ ಹಳ್ಳಿಗಳಿವೆ. ಇವರಲ್ಲಿ ಅನೇಕರಿಗೆ ಯಾವ ದೇಶದ ಪೌರತ್ವವೂ ಇಲ್ಲ. ಶಾಲೆ, ಆಸ್ಪತ್ರೆಗಳ ಸೌಲಭ್ಯ ಅವರಿಗೆ ಸುಲಭವಾಗಿ ದಕ್ಕುವುದಿಲ್ಲ. ಸಿಪಾದಾನ್‌ನಿಂದ ದೂರವಾದ ಕಸ, ಕೊಳಚೆ ಮತ್ತು ಸಿಹಿನೀರಿನ ಸಮಸ್ಯೆಗಳು ಜನವಸತಿಯಿರುವ ಈ ದ್ವೀಪಗಳಲ್ಲಿ ಮುಂದುವರಿದಿವೆ. ಸೆಂಪೋರ್ನಾ ಸುತ್ತಲಿನ ಕಡಲಿನಲ್ಲಿ ಸಿಡಿಮದ್ದು ಬಳಸಿ ಮೀನು ಹಿಡಿಯುವ ಕಾನೂನುಬಾಹಿರ ಪದ್ಧತಿಯಿಂದ ಅನೇಕ ದಿಬ್ಬಗಳು ಹಾಳಾಗಿವೆ. ಸದಾ ಕಾವಲಿರುವ ಸಿಪಾದಾನ್ ಅಂತಹ ಹಾನಿಯಿಂದ ಬಹುಮಟ್ಟಿಗೆ ಪಾರಾಗಿದೆ. ಆದರೆ ಸಮುದ್ರದ ನೀರು ಬಿಸಿಯಾಗಿ ಹವಳಗಳು ಬಿಳಿಚುವುದನ್ನು ಪರವಾನಗಿಯ ಮಿತಿಯಿಂದಾಗಲಿ ಕಾವಲಿನಿಂದಾಗಲಿ ತಡೆಯಲು ಸಾಧ್ಯವಿಲ್ಲ.

## ಕಾಲಾನುಕ್ರಮ

- ೧೯೧೭: ಆಮೆ ಸಂರಕ್ಷಣಾ ಶಾಸನ
- ೧೯೩೩: ಪಕ್ಷಿ ರಕ್ಷಿತ ಪ್ರದೇಶದ ಘೋಷಣೆ
- ೧೯೬೨: ದೀಪಸ್ತಂಭ ನಿರ್ಮಾಣ
- ೧೯೬೯: ಮಲೇಷ್ಯಾ–ಇಂಡೋನೇಷ್ಯಾ ವಿವಾದದ ಆರಂಭ
- ೧೯೮೦ರ ದಶಕ: ಡೈವಿಂಗ್ ಪ್ರವಾಸೋದ್ಯಮದ ಆರಂಭ
- ೧೯೮೯: ಕೂಸ್ತೊ ಅವರ ಸಾಕ್ಷ್ಯಚಿತ್ರ
- ೨೦೦೦: ೨೧ ಜನರ ಅಪಹರಣ
- ೨೦೦೨: ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು
- ೨೦೦೪: ವಸತಿಗೃಹಗಳ ತೆರವು
- ೨೦೦೬: ಬಾರ್ಜ್ ಅಪಘಾತ
- ೨೦೧೪: ಕಡಲಿನಲ್ಲಿ ರಾತ್ರಿ ಸಂಚಾರ ನಿರ್ಬಂಧ