ಊರೇ ತುಂಬಿದ ಚರ್ಚು, ಊರೇ ಬಚ್ಚಿಟ್ಟ ಮೂರ್ತಿಗಳು

1534ರ ನವೆಂಬರ್ ತಿಂಗಳ ಒಂದು ರಾತ್ರಿ. ಇಂಗ್ಲೆಂಡಿನ ನೈರುತ್ಯ ಭಾಗದ ಡೆವನ್ ಸೀಮೆಯಲ್ಲಿ ಮೋರ್‌ಬಾತ್ ಎಂಬ ಹಳ್ಳಿ. ಕಳ್ಳನೊಬ್ಬ ಏಣಿ ಹಾಕಿ ಚರ್ಚಿನ ಮಾಡು ಹತ್ತಿದ. ಅದೇ ಏಣಿಯನ್ನು ಮೇಲಕ್ಕೆಳೆದು ಗೋಪುರದ ಕಿಟಕಿಗೆ ಆನಿಸಿದ. ಕಿಟಕಿ ಒಡೆದು ಒಳಗಿಳಿದು, ಚಕಮಕಿಯಿಂದ ಬೆಂಕಿ ಮಾಡಿಕೊಂಡು ಎರಡು ಪೆಟ್ಟಿಗೆ ಒಡೆದ. ಪೂಜೆಯ ಬೆಳ್ಳಿ ಬಟ್ಟಲನ್ನೂ ಒಂದು ಮೂರ್ತಿಯ ಬೆಳ್ಳಿ ಪಾದರಕ್ಷೆಯನ್ನೂ ಹೊತ್ತೊಯ್ದ.

ಇಷ್ಟೆಲ್ಲ ವಿವರ ಇವತ್ತಿಗೂ ಗೊತ್ತಿರುವುದು ಆ ಊರಿನ ಪಾದ್ರಿ ಕ್ರಿಸ್ಟೋಫರ್ ಟ್ರಿಕಿ ಅವರಿಂದ. 1520ರಲ್ಲಿ ಬಂದವರು 1574ರಲ್ಲಿ ಸಾಯುವ ತನಕ ಅಲ್ಲೇ ಇದ್ದರು. ಚರ್ಚಿನ ಲೆಕ್ಕವನ್ನು ವರ್ಷ ವರ್ಷವೂ ಬರೆದು ಊರವರ ಮುಂದೆ ಓದಿ ಹೇಳುತ್ತಿದ್ದರು. ಆ ಲೆಕ್ಕದ ಪುಸ್ತಕ ಉಳಿದಿದೆ. ಇತಿಹಾಸಕಾರ ಈಮನ್ ಡಫಿ ಅದನ್ನೇ ಆಧರಿಸಿ 2001ರಲ್ಲಿ ಒಂದು ಪುಸ್ತಕ ಬರೆದರು.

ಒಳಗೆ ಏನೇನಿತ್ತು?

ಆ ಕಾಲದ ಇಂಗ್ಲಿಷ್ ಹಳ್ಳಿ ಚರ್ಚಿನಲ್ಲಿ ಮುಖ್ಯವಾಗಿ ಎರಡು ಭಾಗ. ಜನ ನಿಲ್ಲುವ ಉದ್ದನೆಯ ಹಜಾರ ಒಂದು. ಅದರಾಚೆ ಪೂರ್ವದ ತುದಿಯಲ್ಲಿ ಪಾದ್ರಿ ಪೂಜೆ ಮಾಡುವ ಬಲಿಪೀಠದ ಜಾಗ, ನಾವು ಗರ್ಭಗುಡಿ ಎನ್ನುವಂಥದ್ದು. ಎರಡರ ನಡುವೆ ಕೆತ್ತನೆಯ ಮರದ ಜಾಲರಿ. ಅದರ ಮೇಲೆ ದೊಡ್ಡ ಶಿಲುಬೆ, ಶಿಲುಬೆಯ ಮೇಲೆ ಯೇಸು, ಅಕ್ಕಪಕ್ಕ ಮೇರಿ ಮತ್ತು ಯೋಹಾನರ ಮೂರ್ತಿಗಳು. ಮಕ್ಕಳ ಜ್ಞಾನಸ್ನಾನಕ್ಕೆ ಕಲ್ಲಿನ ತೊಟ್ಟಿ, ಬೆಲೆಬಾಳುವ ಸಾಮಾನಿಗೆ ಬೀಗದ ಪೆಟ್ಟಿಗೆ. ಪೂಜೆ ಲ್ಯಾಟಿನ್ ಭಾಷೆಯಲ್ಲಿ. ಓದು ಬಾರದವರಿಗೆ ಗೋಡೆಯ ಚಿತ್ರಗಳೂ ಮೂರ್ತಿಗಳೂ ಕಥೆ ಹೇಳುತ್ತಿದ್ದವು.

ಪೂಜೆಯ ಜಾಗದ ದುರಸ್ತಿ ಚರ್ಚಿನ ದಶಮಾಂಶದ ಆದಾಯ ಪಡೆಯುವವರ ಹೊಣೆ. ಹಜಾರ, ಅದರ ಮಾಡು, ಪೂಜೆಯ ಬಹುತೇಕ ಸಾಮಾನು ಊರವರ ಹೊಣೆ.

ದುಡ್ಡು ಎಲ್ಲಿಂದ?

ಮೋರ್‌ಬಾತ್‌ನಲ್ಲಿ ಇದ್ದದ್ದು ಸುಮಾರು 33 ಮನೆ. ಶ್ರೀಮಂತ ಜಮೀನ್ದಾರ ಯಾರೂ ಊರಲ್ಲಿ ವಾಸವಿರಲಿಲ್ಲ. ಎಲ್ಲರೂ ಕುರಿ ಸಾಕಿ ಬೇಸಾಯ ಮಾಡುವವರು. ಹಾಗಾಗಿ ಚರ್ಚಿಗೂ ಕುರಿಗಳೇ ಆಸ್ತಿ. ಒಂದೊಂದು ಮೂರ್ತಿಯ ಹೆಸರಿನಲ್ಲಿ ಒಂದೊಂದು ನಿಧಿ, ನಿಧಿಗೆ ಕೆಲವು ಕುರಿ. ಅವನ್ನು ಊರಿನ ಮನೆಗಳಿಗೆ ಹಂಚಿ ಸಾಕಿಸುತ್ತಿದ್ದರು. ಉಣ್ಣೆ ಮಾರಿದ ಹಣದಲ್ಲಿ ಮೂರ್ತಿಯ ಮುಂದೆ ಮೇಣದ ದೀಪ ಉರಿಯುತ್ತಿತ್ತು. ಯುವಕರದ್ದೇ ಒಂದು ನಿಧಿ, ಮದುವೆಯಾಗದ ಹೆಣ್ಣುಮಕ್ಕಳದ್ದೇ ಒಂದು ನಿಧಿ. ಅವರವರ ಲೆಕ್ಕಕ್ಕೆ ಅವರವರೇ ಉಸ್ತುವಾರಿ. ಇದರ ಜೊತೆಗೆ ಬಿಯರ್ ಕಾಯಿಸಿ ಮಾರುವ ಊರೂಟ. ಪಕ್ಕದ ಹಳ್ಳಿಗಳವರೂ ಬರುತ್ತಿದ್ದರು. ಲಾಭ ಚರ್ಚಿಗೆ.

ಕಳ್ಳ ಒಯ್ದ ಪಾದರಕ್ಷೆ ಸಿಡ್ವೆಲ್ ಎಂಬ ಪುಣ್ಯವತಿಯ ಮೂರ್ತಿಯದ್ದು. ಅವಳು ಹತ್ತಿರದ ಎಕ್ಸೆಟರ್ ಪಟ್ಟಣದವಳು, ಹುಲ್ಲು ಕೊಯ್ಯುವವರ ಕತ್ತಿಗೆ ಬಲಿಯಾದಳು ಎಂಬುದು ಜನರ ನಂಬಿಕೆ. ಬಟ್ಟಲು ಹೋದ ಮೇಲೆ ಊರಿನ ಹುಡುಗರೂ ಹುಡುಗಿಯರೂ ಸೇರಿ ತಾವೇ ದುಡ್ಡು ಕೂಡಿಸಿದರು. ಊರಿನ ಹಣಕ್ಕೆ ಕೈ ಹಾಕದೆ ಹೊಸ ಬಟ್ಟಲು ತಂದರು.

ಪಾದ್ರಿಗೂ ಒಂದು ಆಸೆಯಿತ್ತು. ಊರಿನವರು ಸತ್ತಾಗ ಮಾಡುವ ಪೂಜೆಗೆ ಒಳ್ಳೆಯ ಕಪ್ಪು ನಿಲುವಂಗಿ ಬೇಕು. ಚರ್ಚಿನ ಕುರಿಗಳ ಉಣ್ಣೆಯಲ್ಲಿ ತನ್ನ ಪಾಲಿಗೆ ಬರುವುದನ್ನು ಅದಕ್ಕೆಂದೇ ಎತ್ತಿಟ್ಟರು. ಸುಮಾರು 20 ವರ್ಷ ಕೂಡಿಟ್ಟು, 1547ರಲ್ಲಿ ನಿಲುವಂಗಿ ಬಂತು.

ರಾಜಧಾನಿಯ ಆಜ್ಞೆ

ಅದೇ ವರ್ಷ ದೊರೆ ಎಂಟನೇ ಹೆನ್ರಿ ತೀರಿಕೊಂಡ. ಪಟ್ಟಕ್ಕೆ ಬಂದ ಆರನೇ ಎಡ್ವರ್ಡ್ ಒಂಬತ್ತು ವರ್ಷದ ಹುಡುಗ. ಅವನ ಹೆಸರಿನಲ್ಲಿ ಆಳುತ್ತಿದ್ದವರು ಪ್ರೊಟೆಸ್ಟೆಂಟರು. ಮೂರ್ತಿ ಇಳಿಸಿ, ದೀಪ ಆರಿಸಿ ಎಂದು ಆಜ್ಞೆ ಬಂತು. ದೀಪವಿಲ್ಲದ ಮೇಲೆ ನಿಧಿಗಳೂ ಮುಚ್ಚಿದವು. ಸತ್ತವರಿಗೆ ಮಾಡುವ ಹಳೆಯ ಪೂಜೆಯೂ ನಿಂತಿತು. 20 ವರ್ಷದ ನಿಲುವಂಗಿಗೆ ಕೆಲಸವಿಲ್ಲದಾಯಿತು.

1548ರಲ್ಲಿ ಚರ್ಚಿನ ಉಸ್ತುವಾರಿ ಲೂಸಿ ಸೀಲಿ ಎಂಬ ಮಹಿಳೆಯದ್ದು. ಆ ವರ್ಷದ ಲೆಕ್ಕದಲ್ಲಿ ಪಾದ್ರಿ ನೋವಿನಿಂದ ಬರೆದದ್ದು ಇಷ್ಟು: ಈಕೆಯ ಕಾಲದಲ್ಲಿ ಚರ್ಚಿಗೆ ಬಂದ ಕಾಣಿಕೆ ಏನೂ ಇಲ್ಲ, ಎಲ್ಲವೂ ಚರ್ಚಿನಿಂದ ಹೊರಗೆ ಹೋದದ್ದೇ.

1549ರಲ್ಲಿ ಇಂಗ್ಲಿಷ್ ಭಾಷೆಯ ಹೊಸ ಪ್ರಾರ್ಥನಾ ಪುಸ್ತಕ ಕಡ್ಡಾಯವಾದಾಗ ಡೆವನ್ ಮತ್ತು ಕಾರ್ನ್‌ವಾಲ್‌ನ ಹಳ್ಳಿಗರು ದಂಗೆ ಎದ್ದರು. ಎಕ್ಸೆಟರ್ ಹೊರಗೆ ಬೀಡುಬಿಟ್ಟ ದಂಗೆಕೋರರ ಬಳಿಗೆ ಮೋರ್‌ಬಾತ್ ಐವರನ್ನು ಕಳಿಸಿತು. ಆಯುಧಕ್ಕೂ ದಾರಿಗೂ ಊರೇ ಖರ್ಚು ಕೊಟ್ಟಿತು. ಅದೂ ಪಾದ್ರಿಯ ಲೆಕ್ಕದಲ್ಲಿದೆ! ಸರ್ಕಾರದ ಸೈನ್ಯ ದಂಗೆಯನ್ನು ಹೊಸಕಿ ಹಾಕಿತು. ಸಾವಿರಾರು ಜನ ಸತ್ತರು.

1553ರಲ್ಲಿ ಕ್ಯಾಥೊಲಿಕ್ ರಾಣಿ ಮೇರಿ ಪಟ್ಟಕ್ಕೆ ಬಂದಳು. ಆಗ ಒಂದು ವಿಷಯ ಬೆಳಕಿಗೆ ಬಂತು. ಹಾಳಾಗಿ ಹೋಯಿತು ಎಂದುಕೊಂಡಿದ್ದ ಎಷ್ಟೋ ವಸ್ತುಗಳು ಹಾಳಾಗಿರಲಿಲ್ಲ. ಶಿಲುಬೆಯ ಪಕ್ಕದ ಮೇರಿ, ಯೋಹಾನರ ಮೂರ್ತಿಗಳು, ಬಣ್ಣದ ಕೆತ್ತನೆಯ ತುಂಡುಗಳು ಒಬ್ಬೊಬ್ಬರ ಮನೆಯಿಂದ ಹೊರಬಂದವು. ಸಿಕ್ಕಿಬಿದ್ದರೆ ತೊಂದರೆ ಎಂದು ಗೊತ್ತಿದ್ದೂ ಇಟ್ಟುಕೊಂಡಿದ್ದರು. ಅವರನ್ನು ಪಾದ್ರಿ ಮನಸಾರೆ ಹೊಗಳಿ ಬರೆದರು.

ಅದೂ ಬಹಳ ದಿನ ಬಾಳಲಿಲ್ಲ. 1558ರಲ್ಲಿ ಎಲಿಜಬೆತ್ ರಾಣಿಯಾದಳು, ಮತ್ತೆ ಮೂರ್ತಿಗಳು ಇಳಿದವು. ಟ್ರಿಕಿ ಊರು ಬಿಡಲಿಲ್ಲ. ಹೊಸ ಪುಸ್ತಕದಿಂದಲೇ ಪ್ರಾರ್ಥನೆ ಹೇಳುತ್ತ, ಲೆಕ್ಕ ಬರೆಯುತ್ತ ಇನ್ನೂ ಹದಿನೈದು ವರ್ಷ ಕಳೆದರು.

ಮೋರ್‌ಬಾತ್‌ನ ಚರ್ಚು ಇಂದಿಗೂ ನಿಂತಿದೆ. 19ನೇ ಶತಮಾನದಲ್ಲಿ ಅದನ್ನು ತುಂಬಾ ಬದಲಾಯಿಸಿದರು. ಅಂದಿನ ಮೂರ್ತಿಗಳನ್ನು, ದೀಪಗಳನ್ನು ಈಗ ಕಾಣಬೇಕೆಂದರೆ ಆ ಲೆಕ್ಕದ ಪುಸ್ತಕವನ್ನೇ ತೆರೆಯಬೇಕು. ಯಾರು ಏನು ಕೊಟ್ಟರು, ಚರ್ಚಿನ ಕುರಿ ಯಾರ ಮನೆಯಲ್ಲಿತ್ತು, ಎಲ್ಲವೂ ಅದರಲ್ಲಿ ಹೆಸರು ಸಮೇತ ಇದೆ.