ದಿನಕ್ಕೆ ಹತ್ತು ಕಿಲೋಮೀಟರ್

ಬೆಂಗಳೂರಿನಿಂದ ಹೈದರಾಬಾದಿಗೆ ಹೆಚ್ಚುಕಡಿಮೆ 570 ಕಿಲೋಮೀಟರ್. ಅನಂತಪುರ, ಕರ್ನೂಲು ದಾಟಿಕೊಂಡು ಹೋದರೆ ಕಾರಿನಲ್ಲಿ ಒಂದು ರಾತ್ರಿಯ ದಾರಿ. ಮುನ್ನೂರು ನಾನೂರು ವರ್ಷಗಳ ಹಿಂದೆ ಒಂದು ಬಂಜಾರಾ ತಾಂಡಾ ಇದೇ ದೂರ ನಡೆಯಬೇಕಿದ್ದರೆ ಸುಮಾರು 57 ದಿನ ಬೇಕಾಗುತ್ತಿತ್ತು. ಯಾಕೆಂದರೆ ಅವರು ದಿನಕ್ಕೆ ಹತ್ತು ಹನ್ನೊಂದು ಕಿಲೋಮೀಟರಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ನಡೆಯೋಕೆ ಆಗದೆ ಅಲ್ಲ. ಎತ್ತುಗಳ ಲೆಕ್ಕಕ್ಕೆ ಮನುಷ್ಯರು ಹೆಜ್ಜೆ ಹಾಕುತ್ತಿದ್ದರು.

ಈ ಲೆಕ್ಕ ತಲೆಗೆ ಹೊಕ್ಕಿದ್ದು ಕಳೆದ ವರ್ಷ ಮೇ ತಿಂಗಳಲ್ಲಿ ಕೆಲಸ ಬದಲಾಯಿಸಿ ಹೈದರಾಬಾದಿಗೆ ಮನೆ ಸಾಗಿಸುವಾಗ. ಫ್ರಿಜ್ಜು, ಮಂಚ, ವಾಷಿಂಗ್ ಮಷೀನ್ ಎಲ್ಲಕ್ಕೂ ಇನ್ಶೂರೆನ್ಸ್ ಸಮೇತ ಕೊಟೇಶನ್ ಕೊಟ್ಟ ಪ್ಯಾಕರ್ಸ್ ಕಂಪನಿಯವನು ನಮ್ಮ ಕರಿಯನನ್ನು ನೋಡಿ ‘ಸರ್, ಇದು ನಿಮ್ದು’ ಅಂದ. ಕರಿಯ ಅಂದರೆ ನಾಯಿ. ವಿಮಾನದ ಕಾರ್ಗೋದಲ್ಲಿ ಕಳಿಸೋಣವೆಂದರೆ ಕಡುಬೇಸಿಗೆ, ನನಗೇ ಧೈರ್ಯ ಬರಲಿಲ್ಲ. ಕೊನೆಗೆ ರಾತ್ರಿ ಎಂಟಕ್ಕೆ ಕಾರು ಹೊರಡಿಸಿದೆವು. ಹಿಂದಿನ ಸೀಟಿನಲ್ಲಿ ಒದ್ದೆ ಟವೆಲ್ಲು, ಎರಡು ಗಂಟೆಗೊಮ್ಮೆ ನೀರು, ಬೆಳಗಾಗುವ ಮುಂಚೆ ಊರು ಸೇರುವ ಗಡಿಬಿಡಿ. ಹೊಸ ಆಫೀಸಿಗೆ ಹೋಗುವ ದಾರಿಯಲ್ಲಿ ಸಿಗುವ ಬಡಾವಣೆಯ ಹೆಸರು ಬಂಜಾರಾ ಹಿಲ್ಸ್. ಕೋಟಿಗಳಲ್ಲಿ ಬೆಲೆ ಮಾತಾಡುವ ಜಾಗ ಅದು. ಮನೆಯೇ ಇಲ್ಲದೆ ಡೇರೆ ಹಾಕಿಕೊಂಡು ತಿರುಗಿದವರ ಹೆಸರು ಅದಕ್ಕೆ ಉಳಿದುಕೊಂಡಿದೆ.

ನಮ್ಮೂರು ಹಾವೇರಿ ಜಿಲ್ಲೆಯಲ್ಲಿ. ಊರಿನಿಂದ ಎರಡು ಹೊಲ ದಾಟಿದರೆ ಲಂಬಾಣಿ ತಾಂಡಾ. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಗೆಳೆಯನ ಅಜ್ಜಿ ಕನ್ನಡಿ ಹೊಲಿದ ಫೇಟಿಯಾ ಉಟ್ಟು, ಕೈತುಂಬ ಬಿಳಿ ಬಳೆ ಹಾಕಿಕೊಂಡು ಕಟ್ಟಿಗೆ ಮಾರೋಕೆ ಬರುತ್ತಿದ್ದಳು. ತಾಂಡಾ ಅಂದರೆ ಊರಾಚೆಗಿನ ಒಂದು ಓಣಿ ಅಂತಲೇ ನಾವು ಬೆಳೆದದ್ದು. ಆ ಪದಕ್ಕೆ ಮೊದಲಿದ್ದ ಅರ್ಥವೇ ಬೇರೆ. ನಡೆಯುತ್ತಿರುವ ಸಮೂಹ, ಅಂದರೆ ಹೇರೆತ್ತುಗಳ ಒಂದು ಮಹಾಮೆರವಣಿಗೆ. ನಿಂತುಹೋದ ಮೇಲೆ ಅದೇ ಪದ ಓಣಿಯಾಯಿತು.

ಪೀಟರ್ ಮಂಡಿ ಎಂಬ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ನೌಕರ 1632ರಲ್ಲಿ ಆಗ್ರಾದಿಂದ ಪಟ್ನಾಕ್ಕೆ ಹೊರಟಿದ್ದ. ದಾರಿಯಲ್ಲಿ ಅವನಿಗೆ ಎದುರಾದ ಒಂದು ತಾಂಡಾದಲ್ಲಿ 14,000 ಎತ್ತುಗಳಿದ್ದವು. ಎಲ್ಲವೂ ಧಾನ್ಯ ಹೊತ್ತವು. ಎತ್ತೊಂದಕ್ಕೆ ಬರೀ ನೂರು ಕೇಜಿ ಅಂತ ಹಿಡಿದರೂ 1,400 ಟನ್ನು, ಅಂದರೆ ಹತ್ತು ಟನ್ನಿನ 140 ಲಾರಿ. ಇವರು ಹೆಂಡತಿ ಮಕ್ಕಳು, ಮನೆ ಸಾಮಾನು ಸಮೇತ ನಡೆಯುತ್ತಾರೆ, ಎತ್ತುಗಳು ಅವರವೇ, ಅಗ್ಗವಿದ್ದಲ್ಲಿ ಕೊಂಡು ತುಟ್ಟಿ ಇದ್ದಲ್ಲಿ ಮಾರುತ್ತಾರೆ ಎಂದು ಮಂಡಿ ಬರೆದಿಟ್ಟಿದ್ದಾನೆ. ದಿನಕ್ಕೆ ಆರೇಳು ಮೈಲಿ, ಅದೂ ತಂಪು ಹೊತ್ತಿನಲ್ಲಿ ಎಂಬ ವಿವರ ಕೊಟ್ಟವನೂ ಅವನೇ.

ಅದೇ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ಟಾವೆರ್ನಿಯೇ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ನೋಡಿದವನು. ಇಕ್ಕಟ್ಟಾದ ದಾರಿಯಲ್ಲಿ ಇಂಥ ಸಾಲು ಎದುರಾದರೆ ಪೂರ್ತಿ ದಾಟಿಹೋಗೋಕೆ ಎರಡು ಮೂರು ದಿನ ಕಾಯಬೇಕಾಗುತ್ತದೆ ಅಂತ ಬರೆದಿದ್ದಾನೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ನಿಂತು ಬಯ್ದುಕೊಳ್ಳುವ ನಾವು ಈ ಮಹಾಶಯನನ್ನು ಸ್ವಲ್ಪ ನೆನೆಯಬೇಕು. ಇವರಲ್ಲಿ ನಾಲ್ಕು ಪಂಗಡ, ಒಂದರದು ಕಾಳು, ಒಂದರದು ಅಕ್ಕಿ, ಒಂದರದು ಬೇಳೆ, ಇನ್ನೊಂದರದು ಉಪ್ಪು ಎಂದೂ ಅವನ ಮಾತಿದೆ. ಲಂಬಾಣಿ ಎಂಬ ಹೆಸರೇ ಲವಣದಿಂದ ಬಂತು ಎನ್ನುವವರಿದ್ದಾರೆ.

ಸರಿ, ಹತ್ತೇ ಕಿಲೋಮೀಟರ್ ಯಾಕೆ? ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇಲ್ಲಿದೆ. ಎತ್ತು ಲಾರಿಯಲ್ಲ, ಅದಕ್ಕೆ ದಿನಕ್ಕೆ ಆರೆಂಟು ಗಂಟೆ ಮೇಯಬೇಕು, ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕೋಕೆ ಇನ್ನೂ ಅಷ್ಟೇ ಹೊತ್ತು ಬೇಕು. ಅದರಲ್ಲಿ ಉಳಿಯುವುದು ನಸುಕಿನ ನಾಲ್ಕಾರು ಗಂಟೆ. ಅಷ್ಟರಲ್ಲಿ ಬೆನ್ನ ಮೇಲೆ ಕ್ವಿಂಟಾಲ್ ಹೊತ್ತು ಎಷ್ಟು ನಡೆದೀತು? ನಡೆಸಬಹುದು, ದುಪ್ಪಟ್ಟು ನಡೆಸಬಹುದು. ಆಗ ಮೇವು ದುಡ್ಡು ಕೊಟ್ಟು ಕೊಳ್ಳಬೇಕು. ತಾಂಡಾದವರು ಮೇವಿಗೆ ಕಾಸು ಬಿಚ್ಚುತ್ತಿರಲಿಲ್ಲ. ದಾರಿಬದಿಯ ಹುಲ್ಲುಗಾವಲು, ಕಾಡು, ಕೊಯ್ಲು ಮುಗಿದ ಹೊಲ, ಇವೇ ಅವರ ಪೆಟ್ರೋಲ್ ಬಂಕು. ಹಾಗಾಗಿ ಗಾಡಿಗಿಂತ ಅಗ್ಗದಲ್ಲಿ ಸಾಗಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲೇಟೆನ್ಸಿ ಭಯಂಕರ, ಥ್ರೂಪುಟ್ ಅದ್ಭುತ. ತಿಂಗಳು ತಡವಾಗಿ ಬಂದರೂ ಪರವಾಗಿಲ್ಲ, ಬಂದಾಗ 1,400 ಟನ್ ಬರುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆಯ ಎರೆಭೂಮಿಯಲ್ಲಿ ಕಾಲಿಟ್ಟರೆ ಮೊಳಕಾಲವರೆಗೆ ಕೆಸರು, ಹೊಳೆಗಳಿಗೆ ಸೇತುವೆ ಇಲ್ಲ. ಹಾಗಾಗಿ ದಖ್ಖನ್ನಿನಲ್ಲಿ ದೂರದ ಸಾಗಾಟವೆಲ್ಲ ಒಣಗಾಲದ್ದು, ಅಂದರೆ ಬಿಸಿಲಿನದು. ದೇಸಿ ಎತ್ತು ಅದಕ್ಕೆ ಹೇಳಿ ಮಾಡಿಸಿದ ಪ್ರಾಣಿ. ವಿದೇಶಿ ತಳಿಗಿಂತ ಇದರ ಚರ್ಮದಲ್ಲಿ ಬೆವರುಗ್ರಂಥಿ ಹೆಚ್ಚು, ಜೋಲುಬಿದ್ದ ಗಂಗೆದೊಗಲು, ಮೈಯೊಳಗೆ ಹುಟ್ಟುವ ಶಾಖವೂ ಕಡಿಮೆ. ನಾಯಿಗೆ ಆ ಭಾಗ್ಯ ಇಲ್ಲ. ಅದರ ಬೆವರೆಲ್ಲ ಅಂಗಾಲಿನಲ್ಲಿ ಒಂಚೂರು ಅಷ್ಟೇ, ಉಳಿದದ್ದು ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ಮುಚ್ಚಿದ ಜಾಗದ ಬಿಸಿಗಾಳಿಯಲ್ಲಿ ಏದಿದರೂ ಪ್ರಯೋಜನ ಇಲ್ಲ. ಮೂತಿ ಚಪ್ಪಟೆಯಾದ ಪಗ್ಗು, ಬುಲ್‌ಡಾಗ್‌ಗಳಿಗಂತೂ ಇನ್ನೂ ಕಷ್ಟ.

ತಾಂಡಾದ ಎತ್ತುಗಳಲ್ಲೆಲ್ಲ ಒಂದೇ ಒಂದಕ್ಕೆ ಹೇರು ಹೊರಿಸುತ್ತಿರಲಿಲ್ಲ. ಅದು ದೇವರ ಎತ್ತು. ಕೆಂಪು ರೇಷ್ಮೆ, ಗಂಟೆ, ಗೆಜ್ಜೆ ಕಟ್ಟಿಸಿಕೊಂಡು ಎಲ್ಲರಿಗಿಂತ ಮುಂದೆ ನಡೆಯುತ್ತಿತ್ತು. ಅದು ದಣಿದು ಎಲ್ಲಿ ಮಲಗುತ್ತದೋ ಅಲ್ಲಿಗೇ ಅವತ್ತಿನ ಬಿಡಾರ. ಕಾಯಿಲೆ ಬಂದರೆ, ಮನುಷ್ಯರಿಗಾಗಲಿ ದನಕ್ಕಾಗಲಿ, ಅದರ ಕಾಲಿಗೇ ಹರಕೆ. 19ನೇ ಶತಮಾನದಲ್ಲಿ ಬೇರಾರ್ ಪ್ರಾಂತ್ಯದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಇದನ್ನು ಮೂಢನಂಬಿಕೆಗಳ ಪಟ್ಟಿಗೆ ಸೇರಿಸಿ ದಾಖಲಿಸಿದರು. ನನಗೆ ಹಾಗನಿಸುವುದಿಲ್ಲ. ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನವನ್ನು ಲಾಭನಷ್ಟ ನೋಡುವ ಮನುಷ್ಯನ ಕೈಯಿಂದ ಕಿತ್ತು, ಸುಸ್ತು ಗೊತ್ತಾಗುವ ಪ್ರಾಣಿಗೆ ಕೊಟ್ಟರೆ ಉಳಿದ ಸಾವಿರಾರು ಎತ್ತುಗಳೂ ಬದುಕುತ್ತವೆ. ಡೆಡ್‌ಲೈನ್ ಇಟ್ಟುಕೊಂಡ ಯಾವ ಮ್ಯಾನೇಜರಿಗೂ ಇಷ್ಟು ಧೈರ್ಯ ಇರೋದನ್ನು ನಾನು ಕಂಡಿಲ್ಲ.

ನಾಯಿಗಳೂ ಇದ್ದವು. ರಾತ್ರಿ ಗೋಣಿಚೀಲಗಳನ್ನು ಗೋಡೆಯ ಹಾಗೆ ಒಟ್ಟಿ ನಡುವೆ ಬಿಡಾರ ಹೂಡಿದರೆ ಕಾವಲಿಗೆ ಇವೇ. ಇಂಗ್ಲಿಷರ ಬರಹಗಳಲ್ಲಿ ‘ಬ್ರಿಂಜಾರಿ ಡಾಗ್’ ಅಂತ ಒಂದು ತಳಿಯ ಹೆಸರೇ ಸಿಗುತ್ತದೆ. ಛತ್ತೀಸಗಢದ ಬಾಲೋದ್ ಜಿಲ್ಲೆಯ ಖಪರಿ ಎಂಬಲ್ಲಿ ಕುಕುರ್‌ದೇವ್ ಮಂದಿರ ಅಂತ ಇದೆ, ನಾಯಿಯ ಗುಡಿ. ಅದರ ಕಥೆ ಹೀಗೆ. ಬರಗಾಲದಲ್ಲಿ ಸಾಲ ತೀರಿಸಲಾಗದೆ ಒಬ್ಬ ಬಂಜಾರ ತನ್ನ ನಾಯಿಯನ್ನೇ ಸಾಹುಕಾರನಲ್ಲಿ ಒತ್ತೆ ಇಟ್ಟ. ಸಾಹುಕಾರನ ಮನೆಗೆ ಕಳ್ಳರು ನುಗ್ಗಿದರು, ಅವರು ಬಚ್ಚಿಟ್ಟ ಮಾಲನ್ನು ನಾಯಿ ತೋರಿಸಿಕೊಟ್ಟಿತು. ಖುಷಿಯಾದ ಸಾಹುಕಾರ ಸಾಲ ಮನ್ನಾ ಎಂದು ಚೀಟಿ ಬರೆದು ನಾಯಿಯ ಕೊರಳಿಗೆ ಕಟ್ಟಿ ಕಳಿಸಿದ. ತಾನು ಕೊಟ್ಟ ಮಾತಿಗೆ ಮೋಸಮಾಡಿ ನಾಯಿ ಓಡಿಬಂತು ಅಂದುಕೊಂಡ ಬಂಜಾರ ಅದನ್ನು ಹೊಡೆದು ಕೊಂದ. ಚೀಟಿ ಕಂಡಿದ್ದು ಆಮೇಲೆ. ಗುಡಿ ಅದಕ್ಕಾಗಿ. ಮುಂಗುಸಿಯ ಕಥೆ, ಗಿಳಿಯ ಕಥೆ ಎಲ್ಲ ಇದೇ ಜಾತಿಯವು, ನಿಜ. ಆದರೆ ಇದರಲ್ಲಿ ನಾಯಿಯನ್ನು ಒತ್ತೆ ಇಟ್ಟುಕೊಳ್ಳೋಕೆ ಒಬ್ಬ ಸಾಹುಕಾರ ಒಪ್ಪಿದ ಅನ್ನೋದೇ ನನಗೆ ದೊಡ್ಡ ವಿಷಯ. ಬಂಜಾರನ ನಾಯಿಗೆ ಮಾರ್ಕೆಟ್ಟಿನಲ್ಲಿ ಅಷ್ಟು ಮಾತಿತ್ತು.

ಸೈನ್ಯಗಳಂತೂ ಇವರಿಲ್ಲದೆ ಉಪವಾಸ. ಮೊಗಲರ ದಂಡು ದಖ್ಖನ್ನಿಗೆ ಇಳಿದಾಗ ಹಿಂದೆ ಬಂದ ಬಂಜಾರರಿಗೆ ಆಸಫ್ ಖಾನ್ ಒಂದು ತಾಮ್ರಪಟ ಬರೆದುಕೊಟ್ಟ ಎಂಬ ಐತಿಹ್ಯ ಇದೆ. ಭಂಗಿ, ಜಂಗಿ ಎಂಬ ನಾಯಕರ ಬಳಿ 1,80,000 ಎತ್ತುಗಳಿದ್ದವಂತೆ. ನೀರಿಲ್ಲದಿದ್ದರೆ ಯಾರ ಮನೆಯ ಹರವಿಯಿಂದಾದರೂ ತಗೊಳ್ಳಿ, ಮೇವಿಲ್ಲದಿದ್ದರೆ ಚಾವಣಿಯ ಹುಲ್ಲನ್ನೇ ಕಿತ್ತುಕೊಳ್ಳಿ, ದಿನಕ್ಕೆ ಮೂರು ಕೊಲೆ ಮಾಫಿ, ಇದು ಅದರ ತಾತ್ಪರ್ಯ. ಅಂಕಿಯನ್ನು ಸ್ವಲ್ಪ ಕಳೆದು ಓದಿಕೊಳ್ಳಿ. ಚಾವಣಿಯ ಹುಲ್ಲಿನ ಮಾತು ಮಾತ್ರ ಬಿಸಿಲು ಕಂಡವರೇ ಆಡುವಂಥದ್ದು.

ನಮ್ಮ ನೆಲದಲ್ಲೇ ನೋಡಿ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋದ. ಅರಕೆರೆಯಲ್ಲಿ ಗೆದ್ದೂ ಸೋತ. ಮೇವಿಲ್ಲದೆ, ರೋಗ ತಗುಲಿ ಅವನ ಎತ್ತುಗಳು ಸಾವಿರಗಟ್ಟಲೆ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ ಬಂದ. ಮುಂದಿನ ವರ್ಷ ಮತ್ತೆ ಹೊರಟಾಗ ಬಂಜಾರರ ಎತ್ತುಗಳು ಜೊತೆಗಿದ್ದವು. ಅವರನ್ನು ಕಲೆಹಾಕಿದವನು ಅಲೆಕ್ಸಾಂಡರ್ ರೀಡ್ ಎಂಬ ಕ್ಯಾಪ್ಟನ್. 1792ರ ಮಾರ್ಚಿನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡ. ಅಮೃತ ಮಹಲ್ ಎತ್ತುಗಳ ಓಟಕ್ಕೆ ಹೆಸರಾದ ಮೈಸೂರು ಸೈನ್ಯದ ಎದುರು ಕೊನೆಗೆ ಗೆದ್ದದ್ದು ಹತ್ತು ಕಿಲೋಮೀಟರಿನ ನಿಧಾನ ನಡಿಗೆಯ ಎತ್ತುಗಳು ತಂದ ಅಕ್ಕಿ. ಬಂಜಾರರನ್ನು ದ್ರೋಹಿಗಳು ಅಂತ ಯಾರಾದರೂ ಅಂದರೆ ನನಗೆ ಒಪ್ಪಿಗೆ ಇಲ್ಲ. ಅವರು ವ್ಯಾಪಾರಿಗಳು, ದುಡ್ಡು ಕೊಟ್ಟವರಿಗೆ ಧಾನ್ಯ ಕೊಟ್ಟರು.

ಇದೇ ಇಂಗ್ಲಿಷರು ಮುಂದೆ ಅವರ ಬದುಕನ್ನು ಒಂದೊಂದೇ ಕಡೆಯಿಂದ ಮುಚ್ಚಿದರು. ಉಪ್ಪು ಸರ್ಕಾರದ ಏಕಸ್ವಾಮ್ಯವಾಯಿತು. ಒಳ್ಳೆಯ ರಸ್ತೆ ಬಂದಲ್ಲಿ ಗಾಡಿಗಳು ಬಂದವು. 1853ರಲ್ಲಿ ಮುಂಬಯಿಯಲ್ಲಿ ರೈಲು ಓಡಿತು, 1864ರಲ್ಲಿ ಬೆಂಗಳೂರಿಗೂ ಬಂತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಮೀಸಲು ಕಾಡಿನೊಳಗೆ ದನ ಬಿಟ್ಟರೆ ತಪ್ಪು. ಪೆಟ್ರೋಲ್ ಬಂಕಿಗೇ ಬೀಗ. 1871ರ ಅಪರಾಧಿ ಬುಡಕಟ್ಟು ಕಾಯ್ದೆಯಂತೂ ಅಲೆಯುವುದನ್ನೇ ಅನುಮಾನದ ಗುರುತು ಮಾಡಿತು. ಮುಂದೆ ಕೆಲವು ಪ್ರಾಂತ್ಯಗಳಲ್ಲಿ ಬಂಜಾರರ ಕೆಲವು ಗುಂಪುಗಳೂ ಪಟ್ಟಿಗೆ ಸೇರಿದವು. ಪಟ್ಟಿಗೆ ಬಿದ್ದವರು ಹೆಸರು ನೋಂದಾಯಿಸಬೇಕು, ಊರು ಬಿಡೋಕೆ ಪರವಾನಗಿ ಬೇಕು. ಆ ಕಾಯ್ದೆ ಹೋದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ.

ಕಾಯ್ದೆ ಹೋದರೂ ಕಣ್ಣೋಟ ಹೋಗಲಿಲ್ಲ. ಆ ನನ್ನ ಗೆಳೆಯ ಈಗ ಬೆಂಗಳೂರಿನಲ್ಲಿ ನನ್ನ ಹಾಗೇ ಕೋಡ್ ಬರೆಯುತ್ತಾನೆ. ನಾನು ಬಾಡಿಗೆ ಮನೆ ಹುಡುಕುವಾಗ ‘ನಾಯಿ ಇದೆಯಾ’ ಅಂತ ಕೇಳಿ ಬಾಗಿಲು ಹಾಕಿದವರು ಆರು ಜನ. ಅದನ್ನು ಫೋನಿನಲ್ಲಿ ಗೋಳು ಹೇಳಿಕೊಂಡಾಗ ಅವನು ನಕ್ಕ. ‘ನಂಗೆ ನಾಯಿ ಇಲ್ಲೋ ಮಾರಾಯ, ಆದರೂ ಆರೇ ಜನ’ ಅಂದ. ಅವನ ಹೆಸರಿನ ಕೊನೆಗೆ ಲಮಾಣಿ ಅಂತ ಇದೆ.

ಬಂಜಾರರು ಆರಾಧಿಸುವ ಸಂತ ಸೇವಾಲಾಲರ ಜನ್ಮಸ್ಥಳ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಎಂದು ನಂಬಿಕೆ. ಫೆಬ್ರವರಿಯ ಜಾತ್ರೆಗೆ ಜನಸಾಗರ ಸೇರುತ್ತದೆ. ಅವರ ಕಥೆಗಳಲ್ಲೂ ದನಗಳೇ ತುಂಬಿವೆ, ಅವರು ದನ ಕಾದವರು. ನಿಂತ ತಾಂಡಾಗಳು ಬಹಳ ಕಾಲ ಕಂದಾಯದ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ಮನೆ ಇತ್ತು, ಕಾಗದ ಇರಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು.

ಹಕ್ಕುಪತ್ರ ಬಂದ ಮನೆಗಳಿಗೂ ಸುಗ್ಗಿ ಮುಗಿಯುತ್ತಲೇ ಬೀಗ ಬೀಳುತ್ತದೆ. ಕೆಲವರು ಗೋವಾಕ್ಕೆ, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಇನ್ನು ಕೆಲವರು ಕಬ್ಬು ಕಡಿಯೋಕೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿಯ ಸಕ್ಕರೆ ಕಾರ್ಖಾನೆಗಳ ಸುತ್ತ ಬಂದು ಬಿಡಾರ ಹೂಡುವ ಗ್ಯಾಂಗುಗಳಲ್ಲಿ ಬಂಜಾರರು ಬಹಳ. ಗಾಡಿಯಲ್ಲಿ ಕಬ್ಬು ಸಾಗಿಸುವವರು ಎತ್ತುಗಳನ್ನು ಜೊತೆಗೇ ತರುತ್ತಾರೆ. ಪಾತ್ರೆ, ಹಾಸಿಗೆ, ಮಕ್ಕಳು, ಬಿಚ್ಚಿಟ್ಟ ಗಾಡಿಯ ಗಾಲಿ, ಎತ್ತು, ಎಲ್ಲ ಒಂದೇ ಲಾರಿಯಲ್ಲಿ. ಹೊರಡೋದು ಈಗಲೂ ಹೊತ್ತು ಮುಳುಗಿದ ಮೇಲೇ.