ಕನ್ನಡಕ್ಕಾಗಿ ಫಾರ್ಮ್ಯಾಟ್ ಮಾಡಿದ ಕಾಲ

ಮೊನ್ನೆ ಭಾನುವಾರ ಅಟ್ಟ ಗುಡಿಸುವಾಗ ಒಂದು ಸಿಡಿ ಸಿಕ್ಕಿತು. ಮೇಲೆ ಮಾರ್ಕರ್‌ನಲ್ಲಿ "ಎಕ್ಸ್‌ಪಿ - ಯಾರಿಗೂ ಕೊಡಬೇಡ" ಅಂತ ಅಪ್ಪನ ಕೈಬರಹ. ಅದನ್ನು ಅಷ್ಟು ಜೋಪಾನ ಮಾಡಿದ್ದೇಕೆ ಅಂದರೆ ಈಗಿನ ಹುಡುಗರು ನಗುತ್ತಾರೆ. ಆಗಿನಿಂದ ಬ್ಲಾಗ್ ಬರೆಯುತ್ತಿರುವ ನಿಮಗೆ ಗೊತ್ತಿರುತ್ತೆ...

ಸಾಮಾನ್ಯವಾಗಿ ಜನ ವಿಂಡೋಸ್ ಮತ್ತೆ ಹಾಕಿಸುತ್ತಿದ್ದದ್ದು ವೈರಸ್ ಬಂದರೆ, ಇಲ್ಲಾ ಕಂಪ್ಯೂಟರ್ ತೀರಾ ನಿಧಾನವಾದರೆ. ಕನ್ನಡದವರಿಗೆ ಇನ್ನೊಂದು ಕಾರಣವಿತ್ತು. ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಕೆ? ಕ, ಹಲಂತ, ಷ ಮೂರೂ ಸೇರಿ ಕ್ಷ ಆಗಬೇಕು. ರ್ಕ ಕುಟ್ಟಿದರೆ ಅರ್ಕಾವೊತ್ತು ಕ-ದ ಬಲಕ್ಕೆ ಬಂದು ಕೂರಬೇಕು. ವಿಂಡೋಸಿನಲ್ಲಿ ಈ ಜೋಡಣೆ ಮಾಡುತ್ತಿದ್ದ ಭಾಗ ಯೂನಿಸ್ಕ್ರೈಬ್. ವಿಂಡೋಸ್ 2000ದಲ್ಲಿ ದೇವನಾಗರಿ ಬಂತು, ತಮಿಳು ಬಂತು, ಕನ್ನಡ ಬರಲಿಲ್ಲ. (ಹೊಟ್ಟೆ ಉರಿದಿದ್ದು ನಿಜ.) ನಮ್ಮ ಸರದಿ ಬಂದದ್ದು 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ.

ಅಲ್ಲಿಯವರೆಗೆ ಕೈ ಹಿಡಿದದ್ದು ಶೇಷಾದ್ರಿವಾಸು ಅವರ 'ಬರಹ' (1998), ಆಮೇಲೆ ಗಣಕ ಪರಿಷತ್ತಿನ 'ನುಡಿ'. ಇವು ವಿಂಡೋಸ್ 98ರಲ್ಲೂ ಚೆನ್ನಾಗಿ ನಡೆಯುತ್ತಿದ್ದವು, ಯಾಕೆಂದರೆ ಉಪಾಯವೇ ಬೇರೆ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ತುಂಡುಗಳ ಚಿತ್ರ ಕೂರಿಸಿದ ಫಾಂಟುಗಳು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಜ್ಜು.

ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದ ಕಂಪ್ಯೂಟರ್ ಇತ್ತು. ವಿಂಡೋಸ್ 98, 64 ಎಂಬಿ ರ‍್ಯಾಮ್. ಅದರಲ್ಲಿ ಅಪ್ಪ ಬರಹದಲ್ಲಿ ಒಂದೊಂದೇ ಕೀ ಹುಡುಕಿ ಕುಟ್ಟಿ ಅರವತ್ತು ಪುಟ ಬರೆದಿದ್ದರು. ಲೇಔಟುಗಳು ಬರುವ ಮುಂಚಿನ ಊರು, ಕೆರೆ ಏರಿ, ರಾಗಿ ಹೊಲ, ಯಾರ ಮನೆಯ ಹೆಣ್ಣು ಯಾವ ಊರಿಗೆ ಹೋಯಿತು, ಎಲ್ಲಾ. ನನಗೋ ಕನ್ನಡ ವಿಕಿಪೀಡಿಯ (2003ರಲ್ಲಿ ಶುರುವಾಗಿತ್ತು) ಓದುವ ಹುಚ್ಚು. ನಮ್ಮ ಪರದೆಯ ಮೇಲೆ ಅದು ಬರೀ ಚೌಕ ಚೌಕ ಡಬ್ಬಿ. ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಸಾಕು, 128 ಇದ್ದರೆ ಒಳ್ಳೆಯದು ಅಂತ ಮೈಕ್ರೋಸಾಫ್ಟೇ ಹೇಳಿತ್ತು. ಆ 'ಸಾಕು' ಅನ್ನುವುದನ್ನು ನಂಬಬಾರದು ಅಂತ ಗೊತ್ತಿದ್ದರಿಂದ ಇನ್ನೊಂದು 128ರ ರ‍್ಯಾಮ್ ತಂದೆ. "ಓಡ್ತಾ ಇರೋದನ್ನ ಯಾಕೋ ಕೆಡಿಸ್ತೀಯಾ?" ಅಂದರು ಅಪ್ಪ. ಕೇಳಲಿಲ್ಲ.

ಬಂದ ಹುಡುಗ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಎಕ್ಸ್‌ಪಿ ಹಾಕಿ ಹೊರಟ. ಅಪ್ಪನ ಫೈಲು ಡಿ ಡ್ರೈವಿನಲ್ಲಿ ಭದ್ರವಾಗಿತ್ತು. ತೆರೆದರೆ ಅರವತ್ತು ಪುಟವೂ ತಲೆ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು! ಫಾಂಟು ಇದ್ದದ್ದು ಸಿ ಡ್ರೈವಿನಲ್ಲಿ. ಅಪ್ಪ ಏನೂ ಅನ್ನಲಿಲ್ಲ, ಎದ್ದು ಹೋಗಿ ಜಗಲಿ ಮೇಲೆ ಕೂತರು. ಬರಹ ಮತ್ತೆ ಹಾಕಿದ ಮೇಲೆ ಎಲ್ಲಾ ವಾಪಸ್ ಬಂತು ಅನ್ನಿ, ಆದರೆ ಆ ಸಂಜೆ ನನಗೆ ಊಟ ಸೇರಲಿಲ್ಲ.

ಇಷ್ಟಾದರೂ ವಿಕಿಪೀಡಿಯ ಡಬ್ಬಿಯೇ! ಎಕ್ಸ್‌ಪಿಯಲ್ಲಿ ಕನ್ನಡ ಇತ್ತು, ಆದರೆ ಮಲಗಿತ್ತು. ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ಕಿಟಕಿಯಲ್ಲಿ ಸಂಕೀರ್ಣ ಲಿಪಿಗಳ ಮುಂದೆ ಟಿಕ್ ಹಾಕಬೇಕು, ಹಾಕಿದ ಕೂಡಲೇ ಅದು ಮೂಲ ಸಿಡಿ ಕೇಳುತ್ತದೆ. ಸಿಡಿಯನ್ನು ಹುಡುಗ ಜೇಬಿಗಿಟ್ಟುಕೊಂಡು ಹೋಗಿದ್ದ :-) ಎರಡು ದಿನ ಅವನ ಹಿಂದೆ ಬಿದ್ದು ತಂದದ್ದೇ ಈ ಅಟ್ಟದ ಸಿಡಿ. ಸೈಬರ್ ಕೆಫೆಗಳಲ್ಲಿ ಎಕ್ಸ್‌ಪಿ ಇದ್ದೂ ಎಷ್ಟೋ ಜನರಿಗೆ ನಮ್ಮ ಬ್ಲಾಗು ಕಾಣದೇ ಇದ್ದದ್ದಕ್ಕೆ ಈ ಒಂದು ಟಿಕ್ಕೇ ಕಾರಣ. ಕಂಡವರಿಗೂ ಫೈರ್‌ಫಾಕ್ಸ್ 2ರಲ್ಲಿ ಸಾಲನ್ನು ಎರಡೂ ಬದಿ ಸಮ ಮಾಡಿದರೆ ಅಕ್ಷರ ಒಡೆಯುತ್ತಿತ್ತು. 2008ರ ಫೈರ್‌ಫಾಕ್ಸ್ 3ರಲ್ಲಿ ಸರಿಹೋಯಿತು.

2007ರ ವಿಸ್ತಾದಿಂದ ಟಿಕ್ಕೂ ಬೇಡ, ಸಿಡಿಯೂ ಬೇಡ. ವಿಸ್ತಾವನ್ನು ಎಲ್ಲರೂ ಬೈದರು, ನಾನು ಬೈಯಲಿಲ್ಲ. 98ರ ಬೆಂಬಲ 2006ರ ಜುಲೈಯಲ್ಲಿ ನಿಂತಿತು, ಎಕ್ಸ್‌ಪಿಯದು 2014ರ ಏಪ್ರಿಲ್ 8ರಂದು, ವಿಂಡೋಸ್ 10ರದು 2025ರ ಅಕ್ಟೋಬರ್ 14ರಂದು. ಈ ಕೊನೆಯ ಬದಲಾವಣೆಯಲ್ಲಿ ಕನ್ನಡದ ಮಾತೇ ಬರಲಿಲ್ಲ. ಮದರ್‌ಬೋರ್ಡಿನಲ್ಲಿ ಟಿಪಿಎಂ 2.0 ಇದೆಯೋ ಇಲ್ಲವೋ ಅಷ್ಟೇ ಪ್ರಶ್ನೆ.

ಅಪ್ಪನ ಫೈಲನ್ನು ಯುನಿಕೋಡಿಗೆ ಬದಲಾಯಿಸಿಟ್ಟಿದ್ದೇನೆ. ಹದಿನಾಲ್ಕನೇ ಪುಟದಲ್ಲಿ ಎರಡು ಅರ್ಕಾವೊತ್ತು ಇನ್ನೂ ತಪ್ಪಾಗಿ ಕೂತಿವೆ, ಈ ವಾರ ತಿದ್ದಬೇಕು.